‘ಬಂದ್ನಿ’ ಯಾವ ಕಾಲ?

ಮೊನ್ನೆ ಸಿಂಧನೂರಿನ ಮದುವೆ ಮುಗಿಸಿಕೊಂಡು ಮಾನ್ವಿಗೆ ಬರುತ್ತಿದ್ದೆ. ಪೋತ್ನಾಳದಲ್ಲಿ ಬಸ್ಸು ನಿಂತಿತು. ಆಗಷ್ಟೇ ಒಂದು ಹನಿ ಬಿದ್ದು ಹೋಗಿತ್ತು. ಗದ್ದೆಯ ಕಡೆಯಿಂದ ಒದ್ದೆ ಹುಲ್ಲಿನ ವಾಸನೆ ಕಿಟಕಿಯೊಳಗೆ ಬರುತ್ತಿತ್ತು. ಕಂಡಕ್ಟರು ಚಹಾದಂಗಡಿಯ ಮುಂದೆ ನಿಂತು, “ಯವ್ವಾ, ಲಗೂನ ಎರಡ ಚಾ ಕೊಡಬೇ, ಗಾಡಿ ಬಿಡಬೇಕು” ಎಂದು ಕೂಗಿದ. ಒಳಗಿನಿಂದ, “ಬಂದ್ನೀ...” ಎಂದು ಒಂದು ಹೆಣ್ಣುದನಿ ಉದ್ದಕ್ಕೆ ಎಳೆಯಿತು. ಯಾರೂ ಬರಲಿಲ್ಲ. ಕಂಡಕ್ಟರು ಮತ್ತೆ ಕೂಗಿದ. ಮತ್ತೆ, “ಬಂದ್ನಿ, ಬಂದ್ನಿ.” ಅವನು ನಮ್ಮ ಕಡೆ ತಿರುಗಿ, “ಬಂದ್ನಿ ಅಂತಾಳ, ಬರಾಕಿ ಮಾತ್ರ ನಾಳಿಗೆ” ಎಂದ. ಬಸ್ಸಿನವರೆಲ್ಲ ನಕ್ಕರು. ನಾನು ಅವರಿಗಿಂತ ಹೆಚ್ಚು ಹೊತ್ತು ನಕ್ಕೆನೆಂದು ತೋರುತ್ತದೆ, ಪಕ್ಕದಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು. ಈ ಒಂದು ಮಾತು ನನ್ನ ಸಂಸಾರದ ಎರಡು ವರ್ಷಗಳನ್ನು ಚೀನಾಕ್ಕೆ ಕಳಿಸಿತ್ತು ಎಂದು ಅವಳಿಗೆ ಹೇಗೆ ಹೇಳುವುದು?

ಅದು ದೊಡ್ಡ ಯುದ್ಧ ಮುಗಿದ ವರ್ಷದ ಮಳೆಗಾಲ. ನಮ್ಮದು ಇನ್ನೂ ನಿಜಾಮರ ರಾಜ್ಯ. ನನಗೆ ಮದುವೆಯಾಗಿ ವರ್ಷ ಕಳೆದಿತ್ತು. ನಮ್ಮ ತಂದೆ ರಾಯಚೂರು ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿದ್ದರು. ರೈಲಿನ ಪಾಸು ಇದೆ, ಮಗಳು ನಾಲ್ಕಕ್ಷರ ಚೆನ್ನಾಗಿ ಕಲಿಯಲಿ ಎಂದು ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ನಾನು ಕಲಿತದ್ದು ಕರವಸ್ತ್ರದ ಅಂಚಿಗೆ ಹೂ ಹಾಕುವುದು, ದುಂಡಗೆ ಬರೆಯುವುದು, ಮತ್ತೆ ಇಂಗ್ಲಿಷಿನ ವ್ಯಾಕರಣ. ವ್ಯಾಕರಣ ಕಲಿಸುತ್ತಿದ್ದ ಸಿಸ್ಟರ್ ಆಗ್ನೆಸ್ ಕರಿಹಲಗೆಯ ಮೇಲೆ ಮೂರು ಮನೆ ಬರೆಯುತ್ತಿದ್ದರು: ನಿನ್ನೆಯ ಮನೆ, ಇಂದಿನ ಮನೆ, ನಾಳೆಯ ಮನೆ. ಪ್ರತಿಯೊಂದು ಕ್ರಿಯಾಪದವೂ ತನ್ನ ಮನೆಯಲ್ಲೇ ಇರಬೇಕು. ಹೊಸ್ತಿಲು ದಾಟಿದ ಕ್ರಿಯಾಪದಕ್ಕೆ ಕೆಂಪು ಮಸಿ. ನಾನು ಕೆಂಪು ಮಸಿಗೆ ಬಹಳ ಹೆದರುತ್ತಿದ್ದವಳು.

ಕೊಟ್ಟದ್ದು ಮಾನ್ವಿಗೆ, ಶೇಂಗಾ ಜೋಳದ ವ್ಯಾಪಾರದ ಮನೆಗೆ. ಅಂಗಡಿಯನ್ನು ಭಾವನವರು ನೋಡಿಕೊಳ್ಳುತ್ತಿದ್ದರು. ನಮ್ಮವರು ಮಾತ್ರ ತಕ್ಕಡಿ ಹಿಡಿದವರಲ್ಲ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಸಂಸ್ಕೃತ ಓದುತ್ತೇನೆಂದು ಬಂಗಾಳಕ್ಕೆ ಹೋದವರು, ಹಳೆಯ ಬೌದ್ಧ ಗ್ರಂಥಗಳ ದಾರಿ ಹಿಡಿದು ಚೀನಾ ಭಾಷೆಗೆ ಜಾರಿಬಿಟ್ಟಿದ್ದರು. ಭಾಷೆ ಎಂದರೆ ಮಾತಾಡುವುದಷ್ಟೇ ಆಗಿದ್ದರೆ ಮನೆಯವರಿಗೂ ಅರ್ಥವಾಗುತ್ತಿತ್ತೋ ಏನೋ. ಇವರು ಹಿಡಿದದ್ದು ಅದರ ವ್ಯಾಕರಣ. ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು, “ಏನೋ ತಮ್ಮಾ, ಚೀನಾದವರಿಗೂ ವ್ಯಾಕರಣ ಅದ ಏನು? ಅವರ ಅಕ್ಷರ ನೋಡಿದ್ರ ಗುಬ್ಬಿ ಗೂಡು ಕೆದರಿದ್ಹಂಗ ಅದ” ಎಂದಿದ್ದರಂತೆ. “ಗುಬ್ಬಿಗೂ ಒಂದು ಲೆಕ್ಕ ಇರ್ತದ್ರಿ, ಯಜಮಾನ್ರ” ಎಂದು ಇವರು ಹೇಳಿ ಬಂದಿದ್ದರು.

ಬಂಗಾಳ ಇವರಿಗೆ ಚೀನಾ ವ್ಯಾಕರಣದ ಜೊತೆಗೆ ಮಲೇರಿಯಾವನ್ನೂ ಕೊಟ್ಟಿತ್ತು. ಆ ಬೇಸಿಗೆಯಲ್ಲಿ ಸೊರಗಿ ಮನೆಗೆ ಬಂದರು. ಮಳೆಗಾಲ ಮುಗಿಯುವವರೆಗೆ ಅಲ್ಲಾಡಬಾರದೆಂದು ರಾಯಚೂರಿನ ಡಾಕ್ಟರು ಹೇಳಿದರು. ಚಳಿಗಾಲದ ಹೊತ್ತಿಗೆ ಬಂಗಾಳಕ್ಕೆ ಮರಳಿ, ಪಂಡಿತರ ಸಭೆಯ ಮುಂದೆ ಇವರು ಒಂದು ಪ್ರಬಂಧ ಓದಬೇಕಿತ್ತು. ಅವರು ಒಪ್ಪಿದರೆ ಎರಡು ವರ್ಷ ಚೀನಾಕ್ಕೆ ಕಳಿಸುತ್ತಾರೆ. ಒಪ್ಪದಿದ್ದರೆ ಸ್ಟೈಪೆಂಡ್ ಅಲ್ಲಿಗೇ ನಿಲ್ಲುತ್ತದೆ.

ನಿಂತರೆ ಏನು ಎನ್ನುವುದಕ್ಕೂ ವ್ಯವಸ್ಥೆ ಆಗಿತ್ತು. ಇವರ ಕಾಕಾ ದೇವದುರ್ಗದ ತಹಸೀಲಿನಲ್ಲಿದ್ದರು. ಅಲ್ಲೊಂದು ಗುಮಾಸ್ತನ ಜಾಗ ಖಾಲಿಯಿತ್ತು, ಇವರ ಉರ್ದು ಚೆನ್ನಾಗಿತ್ತು, ಸಾಹೇಬರಿಗೆ ಹೇಳಿಯೂ ಆಗಿತ್ತು. ಕಾಕಾನ ಹಿತ್ತಿಲಿನಲ್ಲಿ ಎರಡು ಕೋಣೆಗಳ ಬೇರೆ ಮನೆ. ಮಾನ್ವಿಯ ದೊಡ್ಡ ಮನೆಯಲ್ಲಿ ಒಲೆ ಅತ್ತೆಯದು, ಅಟ್ಟ ನೆಗೆಣ್ಣಿಯದು. ನನ್ನದು ಎನ್ನಲು ಒಂದು ತಂಬಿಗೆಯೂ ಇರಲಿಲ್ಲ. ದೇವದುರ್ಗದ ಆ ಎರಡು ಕೋಣೆ ನನ್ನ ಕಣ್ಣಿನಲ್ಲಿ ಕುಳಿತುಬಿಟ್ಟಿತ್ತು. ಅದೇ ಹೊತ್ತಿಗೆ, ಸಂಜೆ ಜ್ವರ ಇಳಿದಾಗ ಇವರು ಗೋಡೆಗೆ ಒರಗಿ ಯಾವುದೋ ಒಂದು ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡುತ್ತ ತಾವಾಗಿಯೇ ನಗುತ್ತಿದ್ದರಲ್ಲ, ಆ ನಗು ತಹಸೀಲಿನ ಕಾಗದಗಳ ನಡುವೆ ಬದುಕುವುದಿಲ್ಲ ಎಂದೂ ನನಗೆ ಗೊತ್ತಿತ್ತು. ನನಗೆ ಎರಡೂ ಬೇಕಾಗಿತ್ತು.

ಇವರ ತಲೆಬೇನೆ ಒಂದೇ ಅಕ್ಷರದ್ದು. ಚೀನಾ ಭಾಷೆಯ ಕ್ರಿಯಾಪದಕ್ಕೆ ನಮ್ಮದರ ಹಾಗೆ ಬಾಲವಿಲ್ಲವಂತೆ. ನಾನು ಬಂದೆ, ನೀನು ಬಂದಿ, ಅವನು ಬರುತ್ತಾನೆ, ಎಲ್ಲದಕ್ಕೂ ‘ಲಯ್’ ಒಂದೇ. ಆದರೆ ಎಷ್ಟೋ ವಾಕ್ಯಗಳ ಕೊನೆಗೆ ‘ಲ’ ಎಂದು ಒಂದು ಪುಟ್ಟ ಸದ್ದು ಬಂದು ಕೂರುತ್ತದೆ. ವ್ಯಾಕರಣ ಬರೆದ ಯುರೋಪಿನವರು, ಇವರ ಗುರುಗಳೂ ಸೇರಿ, ಆ ‘ಲ’ ಭೂತಕಾಲದ ಗುರುತು ಎನ್ನುತ್ತಿದ್ದರು. ಇವರಿಗೆ ಅದು ಹೊಂದುತ್ತಿರಲಿಲ್ಲ. ಮುಗಿಯದ ಕೆಲಸಕ್ಕೂ ‘ಲ’ ಬರುತ್ತದೆ, ಆಗಬೇಕಾದದ್ದಕ್ಕೂ ಬರುತ್ತದೆ. “ಸಿಸ್ಟರ್ ಆಗ್ನೆಸ್ ಅವರ ಮೂರೂ ಮನಿಯೊಳಗ ಇದು ಅಡ್ಡಾಡತದ, ನೀಲಾ. ಹಂಗಾದ್ರ ಇದರ ಸ್ವಂತ ಮನಿ ಯಾವುದು?” ಎಂದು ನನ್ನನ್ನೇ ಕೇಳುತ್ತಿದ್ದರು. ಸ್ವಂತ ಮನೆಯ ಮಾತು ಬಂದಾಗ ನಾನು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ತಟ್ಟುತ್ತಿದ್ದೆ.

ಆ ಭಾಷೆಯಲ್ಲಿ ದನಿಯ ಏರಿಳಿತದ ಮೇಲೆ ಅರ್ಥ ಬದಲಾಗುತ್ತದೆ ಎನ್ನುವುದು ನಮ್ಮ ಮನೆಗೆಲ್ಲ ಗೊತ್ತಾಗಿತ್ತು, ಏಕೆಂದರೆ ಇವರು ಬೆಳಿಗ್ಗೆ ಎದ್ದು ಪಡಸಾಲೆಯಲ್ಲಿ ಸಾಧನೆ ಮಾಡುತ್ತಿದ್ದರು. ‘ಮಾಯ್’ ಎಂದು ತಗ್ಗಿಸಿ ಎತ್ತಿದರೆ ಕೊಳ್ಳುವುದು. ‘ಮಾಯ್’ ಎಂದು ಮೇಲಿನಿಂದ ಕೆಡವಿದರೆ ಮಾರುವುದು. ಅತ್ತೆ ಒಂದು ದಿನ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು:

“ಯಪ್ಪಾ, ಕೊಳ್ಳೋದೂ ಅದ, ಮಾರೋದೂ ಅದ ಅಂದ್ರ ಆ ದೇಶದಾಗ ಸಂತಿ ಹೆಂಗ ನಡೀತದ?”

“ದನಿ ಬ್ಯಾರೆ ಬ್ಯಾರೆ ಇರ್ತದಬೇ.”

“ನೆಗಡಿ ಬಂದಾವ ಸಂತಿಗಿ ಹ್ವಾದ್ರ ಅವನ ಗತಿ?”

ಇವರು ಎಷ್ಟೋ ಹೊತ್ತು ಆ ನೆಗಡಿ ಬಂದವನ ಬಗ್ಗೆ ಯೋಚಿಸುತ್ತ ಕುಳಿತಿದ್ದರು.

ಶ್ರಾವಣ ಹತ್ತಿರ ಬಂದಾಗ ನಮ್ಮ ಬಾಗಿಲಿಗೆ ನಿಜವಾದ ಚೀನಾದವನೊಬ್ಬ ಬಂದ. ಆ ಕಾಲದಲ್ಲಿ ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಊರೂರು ತಿರುಗಿ ಬಟ್ಟೆ ಮಾರುವ ಚೀನಾದವರು ಅಲ್ಲಿಲ್ಲಿ ಇದ್ದರು. ರಾಯಚೂರಿನ ರೈಲ್ವೆ ಕ್ವಾರ್ಟರ್ಸಿಗೆ ಬರುತ್ತಿದ್ದದ್ದು ನನಗೆ ನೆನಪಿತ್ತು. ಯುದ್ಧದಿಂದ ಇವನಿಗೆ ತನ್ನ ದೇಶದ ರೇಷ್ಮೆ ಬರುವುದು ನಿಂತಿತ್ತು, ತಾನು ಹೋಗುವುದೂ ನಿಂತಿತ್ತು. ಗಂಟಿನಲ್ಲಿದ್ದದ್ದು ಮುಂಬಯಿಯ ಮಾಲು. ಕೊರಳಿಗೆ ಸುತ್ತಿಕೊಂಡ ಟವೆಲ್ಲು, ಕೆಸರು ಮೆತ್ತಿದ ಕಾಲು, ಮಾತು ನಮ್ಮ ಕಡೆಯ ದಖನಿ. “ಮಾಯೀ, ಅಸಲೀ ಮಾಲ್” ಎಂದು ಕಟ್ಟೆಯ ಮೇಲೆ ಗಂಟು ಬಿಚ್ಚಿದ. ಅತ್ತೆಗೆ ಕುಬಸದ ಅರಿವೆ ಬೇಕಿತ್ತು.

ಒಳಗೆ ಹೊದ್ದು ಮಲಗಿದ್ದ ಇವರು ಕಂಬಳಿ ಸಮೇತ ಎದ್ದು ಬಂದರು. ಎಷ್ಟೋ ದಿನ ಬಾಯಿಪಾಠ ಮಾಡಿದ ಮರ್ಯಾದೆಯ ವಾಕ್ಯದಲ್ಲಿ ಅವನ ಮನೆತನದ ಹೆಸರು ಕೇಳಿದರು. ಅವನು ಮೊದಲು ಬೆರಗಾಗಿ ನೋಡಿದ. ಆಮೇಲೆ ಮೊಣಕಾಲು ಬಡಿದುಕೊಂಡು ನಕ್ಕ. ಆ ನಗುವಿನ ಕೊನೆಯಲ್ಲಿ ಅವನ ಕಣ್ಣು ಒದ್ದೆಯಾದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಎಷ್ಟು ದಿನವಾಗಿತ್ತೋ ಅವನ ಭಾಷೆಯಲ್ಲಿ ಯಾರಾದರೂ ಹೆಸರು ಕೇಳಿ. “ವಾಂಗ್” ಎಂದ. ಅತ್ತೆ ಕೂಡಲೇ, “ಕುಂದ್ರು ವಾಂಗೆಪ್ಪಾ” ಎಂದರು. ಅಂದಿನಿಂದ ಅವನು ನಮಗೆ ವಾಂಗೆಪ್ಪನೇ.

ಇವರಿಗೆ ಉಮೇದು ಬಂತು. ತಾವೂ ಅರಿವೆ ಕೊಳ್ಳಬೇಕು ಎಂದು ಚೀನಾ ಮಾತಿನಲ್ಲಿ ಹೇಳಿದರು. ವಾಂಗೆಪ್ಪ ಆ ಕಡೆ ಈ ಕಡೆ ನೋಡಿದ. ಕೊನೆಗೆ ಇವರು ಹೊದ್ದಿದ್ದ ಕಂಬಳಿಯ ತುದಿ ಹಿಡಿದು ಒರೆಹಚ್ಚುವವನ ಹಾಗೆ ಬೆರಳಲ್ಲಿ ತಿಕ್ಕಿ, “ಯೇ ಬೇಚ್ತೇ ಕ್ಯಾ? ಪುರಾನಾ ಹೈ ಸಾಬ್” ಎಂದ. ಹಳೆಯದು, ಇದನ್ನು ಮಾರುತ್ತೀರಾ ಎಂದು. ‘ಮಾಯ್’ ದನಿ ತಗ್ಗುವ ಬದಲು ಮೇಲಿನಿಂದ ಬಿದ್ದುಬಿಟ್ಟಿತ್ತು. ಅತ್ತೆ ಬಿದ್ದು ಬಿದ್ದು ನಕ್ಕರು. “ನಾ ಅನ್ನಲಿಲ್ಲೇನು? ನೆಗಡಿ ಬಂದಾವನ ಗತಿ ಇದ!”

ನಗು ಮುಗಿದು ವ್ಯಾಪಾರ ಶುರುವಾಯಿತು. ಅತ್ತೆ ಚೌಕಾಶಿಯಲ್ಲಿ ಯಾರಿಗೂ ಬಿಟ್ಟವರಲ್ಲ. ಅವನು ಹೇಳಿದ್ದರ ಅರ್ಧಕ್ಕೆ ಕೇಳಿ ಅಲ್ಲೇ ನಿಂತರು. ಅವನು ಸ್ವಲ್ಪ ಇಳಿದ, ಅತ್ತೆ ಏರಲಿಲ್ಲ. ಕೊನೆಗೆ ಅವನು ಮುಖ ಊದಿಸಿಕೊಂಡು ಅರಿವೆ ಮಡಚಿ, ಗಂಟು ಬಿಗಿಯುತ್ತ ತನ್ನಷ್ಟಕ್ಕೆ, “ಪು ಮಾಯ್ ಲ” ಎಂದು ಗೊಣಗಿದ.

ಇವರು ಬಾಣ ತಗುಲಿದವರ ಹಾಗೆ ಎದ್ದು ನಿಂತರು. ‘ಪು’ ಎಂದರೆ ಇಲ್ಲ, ಮಾಡುವುದಿಲ್ಲ. ಆಗಿಹೋದದ್ದನ್ನು ಅಲ್ಲಗಳೆಯಲು ಅವರಲ್ಲಿ ಬೇರೆ ಶಬ್ದವಿದೆ. ಹಾಗಿರುವಾಗ ‘ಪು’ ಜೊತೆಗೆ ಭೂತಕಾಲದ ‘ಲ’ ಹೇಗೆ? “ಮಾರೂದಿಲ್ಲ ಅಂದನೋ, ಮಾರಲಿಲ್ಲ ಅಂದನೋ? ನಿನ್ನಿ ಮಾತೋ, ಇವತ್ತಿನ ಮಾತೋ?” ಎಂದು ಇವರು ಕೈ ಕೈ ಹಿಸುಕಿಕೊಂಡರು.

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೊರಟಿದ್ದವರು ತಿರುಗಿ, “ಅವಗ ಮಾರೋದು ಬ್ಯಾಡಾತು. ಗಂಟು ಕಟ್ಟಿದ್ದು ಕಾಣಲಿಲ್ಲೇನು ನಿನಗ?” ಎಂದರು.

ಇವರು ಆ ಮಾತನ್ನು ಕೇಳಿದರು, ಆದರೆ ಆ ಹೊತ್ತಿಗೆ ಅದು ಕಿವಿಯ ಹೊರಗೇ ನಿಂತಿತು. ಹೊಸ್ತಿಲು ದಾಟಿ ಬೀದಿಗೆ ಬರುವಷ್ಟರಲ್ಲಿ ವಾಂಗೆಪ್ಪನ ಸೈಕಲ್ಲು ಊರ ಅಗಸಿ ಬಾಗಿಲು ದಾಟಿತ್ತು. ದೇವದುರ್ಗದ ಸಂತೆಗೆ ಹೋಗುತ್ತೇನೆ ಎಂದಿದ್ದನಂತೆ.

ಹೀಗೆ ನಾವು ದೇವದುರ್ಗಕ್ಕೆ ಹೊರಟೆವು. ಮನೆಯವರಿಗೆ ಹೇಳಿದ ಕಾರಣ ಕಾಕಾನ ಕೆಲಸದ ಮಾತು. ಇವರ ಮನಸ್ಸಿನಲ್ಲಿದ್ದದ್ದು ವಾಂಗೆಪ್ಪ. ನನ್ನ ಮನಸ್ಸಿನಲ್ಲಿದ್ದದ್ದು ಆ ಎರಡು ಕೋಣೆ. ಒಂದೇ ಬಂಡಿಯಲ್ಲಿ ಮೂರು ಕಾರಣ ಕುಳಿತಿದ್ದವು. ಎರೆಮಣ್ಣು ಗಾಲಿಗೆ ಹತ್ತಿ ಹತ್ತಿ ರೊಟ್ಟಿಯಂತೆ ದಪ್ಪವಾಗುತ್ತಿತ್ತು. ಬಂಡಿ ಹೊಡೆಯುವವನು ಇಳಿದು ಕೋಲಿನಿಂದ ಕೆರೆಯಬೇಕು, ಮತ್ತೆ ಹತ್ತಬೇಕು. ಸಿರವಾರದಲ್ಲಿ ನೆಂಟರ ಮನೆಯಲ್ಲಿ ತಂಗಿ ಮರುದಿನ ಮುಂದೆ ಹೋದೆವು. ಇವರು ದಾರಿಯುದ್ದಕ್ಕೂ ಹೊಲ ನೋಡಲಿಲ್ಲ, ಮೋಡ ನೋಡಲಿಲ್ಲ. “ಪು ಮಾಯ್ ಲ, ಪು ಮಾಯ್ ಲ” ಎನ್ನುತ್ತಿದ್ದರು. ಬಂಡಿಯವನು ಮೆಲ್ಲಗೆ ನನ್ನನ್ನು ಕೇಳಿದ: “ಸಾಹೇಬ್ರಿಗಿ ಇನ್ನಾ ಜ್ವರ ಅದ ಏನ್ರಿ, ಅವ್ವಾರ?”

ದೇವದುರ್ಗದಲ್ಲಿ ಕಾಕಾನ ಹೆಂಡತಿ, ಇವರ ಚಿಗವ್ವ, ನನ್ನ ಕೈ ಹಿಡಿದು ನೇರವಾಗಿ ಹಿತ್ತಿಲಿಗೆ ಕರೆದುಕೊಂಡು ಹೋದರು. ಕೋಣೆಗಳಿಗೆ ಸುಣ್ಣ ಹೊಡೆಸಿದ್ದರು. ಒಂದು ಮೂಲೆಯಲ್ಲಿ ಹೊಸದಾಗಿ ಹಾಕಿದ ಒಲೆ, ಇನ್ನೂ ಹಸಿ. ಅದರ ಮೇಲೆ ಯಾರೋ ಬೆರಳಲ್ಲಿ ಎಳೆದ ವಿಭೂತಿಯ ಗೆರೆ. ಕಿಟಕಿಯಿಂದ ಬೇವಿನ ಮರ, ಬಾವಿಯ ಗಡಗಡೆ. “ನೀರು ಸಕ್ಕರಿ ಇದ್ಹಂಗ ಅವ ನೋಡವ್ವಾ. ಬ್ಯಾಳಿ ಭಾಳ ಲಗೂ ಕುದೀತಾವ” ಎಂದರು ಚಿಗವ್ವ. ನಾನು ಒಲೆಯ ಮುಂದೆ ಒಮ್ಮೆ ಕುಳಿತು ನೋಡಿದೆ. ಕೈ ಎಲ್ಲಿಗೆ ಚಾಚಿದರೆ ಉಪ್ಪಿನ ಡಬ್ಬಿ ಸಿಗಬೇಕು ಎಂದು ಅಳತೆ ಮಾಡಿದೆ.

ಮರುದಿನ ಸಂತೆಯಲ್ಲಿ ವಾಂಗೆಪ್ಪ ಸಿಕ್ಕ. ಇವರು ಅವನನ್ನು ಕರೆತಂದು ಕಾಕಾನ ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಡಿಸಿ, ಪ್ರಶ್ನೆ ಕೇಳತೊಡಗಿದರು. ಅವನು ಹೇಳಿದ್ದನ್ನು ಬರೆದುಕೊಳ್ಳಲು ನಾನು ಬಾಗಿಲ ಹತ್ತಿರ ಹಲಗೆ ಇಟ್ಟುಕೊಂಡು ಕುಳಿತೆ. ಕಾಗದಕ್ಕೆ ಆಗ ಬರ. ಹಲಗೆಯ ಮೇಲೆ ಬಳಪದಲ್ಲಿ ಬರೆದು ಇವರಿಗೆ ತೋರಿಸಿ ಅಳಿಸುವುದು. ಕಾಕಾ ತಮ್ಮ ಕುರ್ಚಿಯಲ್ಲಿ ಅಡಿಕೆ ಕತ್ತರಿಸುತ್ತ, ಮಗನಂಥವನು ಅರಿವೆ ಮಾರುವವನ ಮುಂದೆ ಶಿಷ್ಯನಂತೆ ಕುಳಿತದ್ದನ್ನು ನೋಡಿಯೂ ನೋಡದವರಂತಿದ್ದರು.

“ಅವತ್ತು ‘ಪು ಮಾಯ್ ಲ’ ಅಂದ್ಯಲ್ಲ, ಯಾಕ ‘ಲ’ ಹಚ್ಚಿದಿ?” ಎಂದು ಇವರು ದಖನಿಯಲ್ಲಿ ಕೇಳಿದರು.

ವಾಂಗೆಪ್ಪ, ಹಾಗೇ ಹೇಳುವುದು ಎನ್ನುವಂತೆ ಭುಜ ಕುಣಿಸಿದ. “ಐಸಾಚ್ ಬೋಲ್ತೇ ಸಾಬ್.”

“ಹಚ್ಚದಿದ್ರ?”

“ಐಸಾ ನೈ ಬೋಲ್ತೇ.” ಹಾಗೆ ಹೇಳುವುದಿಲ್ಲವಂತೆ.

ಕಾಕಾನ ಅಡಕೊತ್ತು ನಿಂತಿತು. “ಭಾರಿ ಪಂಡಿತ ಸಿಕ್ಕಾನ ನಿನಗ” ಎಂದರು.

ಪಾಪ, ಅವನ ತಪ್ಪೇನು? ನಮ್ಮಲ್ಲಿ ಯಾರನ್ನಾದರೂ ಹಿಡಿದು, ‘ಮನಿಗಿ’ ಎನ್ನುವುದರಲ್ಲಿ ‘ಗಿ’ ಯಾಕೆ ಎಂದರೆ ಏನು ಹೇಳಿಯಾರು? ಇವರು ದಾರಿ ಬದಲಿಸಿದರು. ‘ಲ’ ಇರುವ ಮಾತುಗಳನ್ನು ನೆನಪಾದ ಹಾಗೆ ಹೇಳು ಎಂದರು. ಅವನು ಚಹಾ ಕುಡಿಯುತ್ತ ಒಂದೊಂದೇ ಹೇಳಿದ. ನಡುವೆ, ತಾನು ಹುಡುಗನಾಗಿದ್ದಾಗಿನ ಮಾತೊಂದು ಬಂತು. ಅವ್ವ ಊಟಕ್ಕೆ ಕರೆದರೆ ತಾನು ಹೊರಗಿನಿಂದ ‘ಲಯ್ ಲ!’ ಎಂದು ಕೂಗುತ್ತಿದ್ದೆ ಎಂದ.

“‘ಬಂದೆ’ ಅಂತ. ಒಳಗ ಬಂದ ಮ್ಯಾಲ ಅಂತಿದ್ದಿ?” ಎಂದರು ಇವರು.

“ನೈ ಸಾಬ್. ಬೈಠೇ ಬೈಠೇಚ್.” ಕುಳಿತಲ್ಲೇ ಕುಳಿತು ಎನ್ನುತ್ತಿದ್ದನಂತೆ.

ಇವರ ಮುಖ ಬಾಡಿತು. ಬಾರದವನು ಬಂದೆ ಎನ್ನುವುದು ಎಂಥ ವ್ಯಾಕರಣ? “ಇದು ಹೊಂದೂದಿಲ್ಲ. ಅಪವಾದ ಅಂತ ಬರಕೋ” ಎಂದು ನನಗೆ ಹೇಳಿದರು. ಆಗಲೇ ಒಳಗಿನಿಂದ ಚಿಗವ್ವ ಕರೆದರು: “ನೀಲವ್ವಾ, ಒಲಿ ಮ್ಯಾಲ ಹಾಲಿಟ್ಟೀನಿ, ಸ್ವಲ್ಪ ನೋಡ ಬಾ.”

“ಬಂದ್ನೀ” ಎಂದೆ.

ಏಳಲಿಲ್ಲ. ವಾಂಗೆಪ್ಪ ಮುಂದಿನ ಮಾತು ಏನು ಹೇಳುತ್ತಾನೋ ಎಂಬ ಕುತೂಹಲಕ್ಕೆ ಬಳಪ ಹಿಡಿದುಕೊಂಡೇ ಕುಳಿತಿದ್ದೆ. ಇವರು ಮೆಲ್ಲಗೆ ನನ್ನ ಕಡೆ ತಿರುಗಿದರು.

“ಏನಂದಿ?”

“ಏನಿಲ್ಲರಿ. ಚಿಗವ್ವ ಕರದ್ರು.”

“ಅವರಿಗೇನಂದಿ ನೀ?”

“ಬಂದ್ನಿ ಅಂದೆ.”

“ಇನ್ನಾ ಇಲ್ಲೇ ಕುಂತೀಯಲ್ಲ!”

ನಾಚಿಕೊಂಡು ಏಳಹೋದೆ. “ಏಳಬ್ಯಾಡ! ಕುಂದ್ರು!” ಎಂದು ಇವರು ಕೂಗಿಬಿಟ್ಟರು. ಕಾಕಾ ಬೆಚ್ಚಿದರು. ಒಳಗೆ ಹಾಲು ಉಕ್ಕಿ ಒಲೆ ಚುರ್ರೆಂದದ್ದು ನಮಗೆಲ್ಲ ಕೇಳಿಸಿತು, ಸುಟ್ಟ ಹಾಲಿನ ವಾಸನೆ ಪಡಸಾಲೆಗೆ ಬಂತು. ಚಿಗವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. “ಏನವ್ವಾ, ಬಂದ್ನಿ ಬಂದ್ನಿ ಅಂತ ಅಲ್ಲೇ ಬೇರು ಬಿಟ್ಟೀ ಏನು? ನಿಮ್ಮ ಚೀನಾದಾಗ ನನ್ನ ಹಾಲು ಹ್ವಾತು!”

ಇವರಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಎದ್ದು ಅತ್ತಿಂದಿತ್ತ ನಡೆದಾಡುತ್ತ ತಾವೇ ಹೇಳಿಕೊಳ್ಳುತ್ತಿದ್ದರು. ಬಂದ್ನಿ ಎಂದವಳು ಬಂದಿಲ್ಲ. ಆದರೆ ಸುಳ್ಳೂ ಹೇಳಿಲ್ಲ. ಕರೆಯುವುದಕ್ಕೆ ಮುಂಚೆ ಅವಳು ಬರುವವಳಲ್ಲ. ಕರೆದ ಮೇಲೆ ಬರುವವಳಾದಳು. ಆ ಆಗುವಿಕೆಗೆ ‘ಲ’. “ಬ್ಯಾಡಾತು!” ಎಂದು ಹಣೆ ಬಡಿದುಕೊಂಡರು. “ಅವ್ವ ಅವತ್ತೇ ಅಂದಳಲ್ಲ. ಮಾರೋದು ಬ್ಯಾಡಾತು. ಮೊದಲು ಬೇಕಾಗಿತ್ತು, ಈಗ ಬ್ಯಾಡಾತು. ಸಾಕಾತು, ಹೊತ್ತಾತು, ಮುದುಕ ಆದ, ಮಳಿ ಬಂತು... ಇದು ನಿನ್ನಿ ಮನಿದೂ ಅಲ್ಲ, ಇವತ್ತಿನ ಮನಿದೂ ಅಲ್ಲ, ನೀಲಾ. ಇದು ಹೊಸ್ತಿಲು!”

ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಹೊಸ್ತಿಲು ದಾಟಿದ್ದಕ್ಕೆ ಕೆಂಪು ಮಸಿ ಬೀಳದ ವ್ಯಾಕರಣ ಇದೊಂದೇ ಎನಿಸಿತು. ಒಲೆ ಒರೆಸಲು ಒಳಗೆ ಹೋದ ಮೇಲೆಯೇ, ಹಿತ್ತಿಲ ಬಾಗಿಲಿನಿಂದ ಆ ಎರಡು ಕೋಣೆಯ ಸುಣ್ಣದ ಗೋಡೆ ಕಂಡಾಗಲೇ, ನಾನು ಏನು ಅಂದುಬಿಟ್ಟೆ ಎನ್ನುವುದು ತಿಳಿದದ್ದು.

ಅದಾದ ಒಂದೆರಡು ದಿನಕ್ಕೆ ಜಪಾನು ಸೋತ ಸುದ್ದಿ ಬಂತು. ತಹಸೀಲಿನಿಂದ ಬಂದ ಕಾಕಾ ಚಪ್ಪಲಿ ಬಿಡುವ ಮೊದಲೇ ಹೇಳಿದರು. ವಾಂಗೆಪ್ಪ ಅಂದು ಗಂಟು ಕಟ್ಟಿ ಜಾಲಹಳ್ಳಿಯ ಕಡೆ ಹೊರಟಿದ್ದವನು, ಇವರಿಗೆ ಹೇಳಿಹೋಗಲು ಬಂದಿದ್ದ. ಸುದ್ದಿ ಕೇಳಿ ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. “ಹ್ವೈ ಚ್ಯಾ ಲ” ಎಂದ. ಇವರು ನನಗೆ ಅರ್ಥ ಹೇಳಿದರು: ಮನೆಗೆ ಹೋದೆ. ಅವನು ನಿಂತಿದ್ದದ್ದು ದೇವದುರ್ಗದ ಕೆಸರಿನಲ್ಲಿ. ಅವನ ಊರು ಎಷ್ಟು ಸಮುದ್ರದಾಚೆ ಇತ್ತೋ. ಈ ಸಲ ಯಾರೂ ಅದು ಯಾವ ಕಾಲ ಎಂದು ಕೇಳಲಿಲ್ಲ. ಚಿಗವ್ವ ಒಳಗಿನಿಂದ ಒಂದು ಹಿಡಿ ಸಕ್ಕರೆ ತಂದು ಅವನ ಅಂಗೈಗೆ ಹಾಕಿದರು. ಆಮೇಲೆ ಅವನನ್ನು ನಾವು ನೋಡಲಿಲ್ಲ.

ಮಾನ್ವಿಗೆ ಮರಳಿದ ಮೇಲೆ ಇವರು ಬರೆದರು, ನಾನು ನನ್ನ ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಪ್ರತಿ ಮಾಡಿದೆ. ಸಿಕ್ಕ ಕಾಗದ ಭಾವನವರ ಅಂಗಡಿಯದು, ಮೂಸಿದರೆ ಶೇಂಗಾ ಎಣ್ಣೆಯ ವಾಸನೆ. ಇಂಗ್ಲಿಷಿನ ಪ್ರಬಂಧದ ನಡುವೆ ‘ಬಂದ್ನಿ’ ಎನ್ನುವುದನ್ನು ರೋಮನ್ ಅಕ್ಷರದಲ್ಲಿ ಬರೆಯಬೇಕಾಗಿ ಬಂದಾಗ ನನ್ನ ಲೇಖನಿ ಸ್ವಲ್ಪ ಹೊತ್ತು ನಿಂತಿತು. ಅತ್ತೆ ಪಕ್ಕದಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಅವರಿಗೆ ಅಕ್ಷರ ಬಾರದು, ಆದರೆ ಲೇಖನಿ ನಿಂತದ್ದು ಕಂಡಿತು.

“ಇದು ಪಾಸಾದ್ರ ಅಂವ ಹೋಗ್ತಾನ, ಹೌದಿಲ್ಲ?”

“ಹೌದ್ರಿ ಅತ್ತಿ.”

“ದೇವದುರ್ಗ ಬ್ಯಾಡಾತೇನು ನಿನಗ?”

ಎಷ್ಟು ಮೆತ್ತಗೆ ಕೇಳಿದರೆಂದರೆ, ಅಳುವುದಕ್ಕೂ ಆಗಲಿಲ್ಲ. “ಬ್ಯಾಡಾಗಿಲ್ಲರಿ” ಎಂದೆ. “ಆದ್ರ ಅವರು ಅಲ್ಲಿ ಕುಂತು ಬರೇ ಕಾಗದಕ್ಕ ಠಸ್ಸೆ ಒತ್ತೂದು ನನಗ ನೋಡಾಕ ಆಗೂದಿಲ್ಲ.”

ಅತ್ತೆ ಬತ್ತಿಯ ತುದಿಯನ್ನು ನೆಕ್ಕಿ ನೇರ ಮಾಡಿದರು. “ಬರಿ ಹಂಗಾರ” ಎಂದರು.

ದೀಪಾವಳಿ ಕಳೆದ ಮೇಲೆ ಇವರು ರಾಯಚೂರಿಗೆ ಬಂದು, ನಮ್ಮ ತಂದೆಯ ಮನೆಯಲ್ಲಿ ಉಂಡು, ಬಂಗಾಳಕ್ಕೆ ಹೋಗಲು ಮದ್ರಾಸಿನ ಗಾಡಿ ಹತ್ತಿದರು. ಪ್ಲಾಟ್‌ಫಾರ್ಮಿನ ತುಂಬ ಯುದ್ಧದಿಂದ ಮರಳುತ್ತಿದ್ದ ಸಿಪಾಯಿಗಳ ಟ್ರಂಕುಗಳು. ಗಾಡಿ ಅಲುಗಿದಾಗ ಇವರು ಕಿಟಕಿಯಿಂದ ಬಾಗಿ, “ಬರ್ತೀನಿ” ಎಂದರು. ನಮ್ಮಲ್ಲಿ ಹೊರಡುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲವಲ್ಲ. “ಇದು ಯಾವ ಕಾಲರೀ?” ಎಂದೆ ನಾನು. ಅವರು ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಸಭೆಯಲ್ಲಿ ನಡೆದದ್ದನ್ನು ಆಮೇಲೆ ಇವರೇ ಬಂದು ಹೇಳಿದರು. ಗುರುಗಳು ಪೂರ್ತಿ ಕೇಳಿ, ಇದು ಮನೆಮಾತಿನ ಸೊಗಸು, ಶಾಸ್ತ್ರಕ್ಕೆ ಅಡಿಪಾಯವಾಗದು ಎಂದರಂತೆ. ನಿನ್ನ ‘ಬಂದ್ನಿ’ಯಲ್ಲಿ ಭೂತಕಾಲದ ಪ್ರತ್ಯಯ ಸ್ಪಷ್ಟವಾಗಿದೆ, ಅವರ ‘ಲ’ಕ್ಕೆ ಅಂಥದ್ದಿಲ್ಲ, ಎರಡು ಮುಖ ಒಂದೇ ರೀತಿ ಕಂಡರೆ ಬಂಧುಗಳೆಂದಲ್ಲ ಎಂದರಂತೆ. ಇವರಿಗೂ ಅದು ಹೌದೆನಿಸಿತಂತೆ. ಸಭೆ ಮುಗಿದು ಗುರುಗಳು ಕೊಡೆ ಎತ್ತಿಕೊಂಡು ಹೊರಡುತ್ತ, ಬಂಗಾಳಿಗಳು ಹೊರಡುವಾಗ ಹೇಳುವ ಹಾಗೆ, “ಆಶಿ” ಎಂದರು. ಎಂದರೆ ‘ಬರುತ್ತೇನೆ’. ಬಾಗಿಲ ತನಕ ಹೋದವರು ಅಲ್ಲೇ ನಿಂತರಂತೆ. ತಿರುಗಿ ಇವರ ಮುಖ ನೋಡಿ ನಕ್ಕುಬಿಟ್ಟರಂತೆ. “ಹೋಗುವವನು ಬರುತ್ತೇನೆ ಎಂದೆನಲ್ಲ! ನೀನು ಇನ್ನೂ ಸಾಧಿಸಿಲ್ಲ, ಆದರೆ ನಾನೂ ಸಾಧಿಸಿಲ್ಲ. ಹೋಗಿ ನೂರು ಬಾಯಲ್ಲಿ ಕೇಳಿಕೊಂಡು ಬಾ.”

ನೂರು ಬಾಯಿ ಚೀನಾದಲ್ಲಿದ್ದವು. ದೇವದುರ್ಗದ ಗುಮಾಸ್ತನ ಜಾಗಕ್ಕೆ ಬೇರೆ ಯಾರೋ ಬಂದರು. ಹಿತ್ತಿಲ ಕೋಣೆಯಲ್ಲಿ ಅವನ ಹೆಂಡತಿ ನನ್ನ ಉಪ್ಪಿನ ಡಬ್ಬಿಯ ಜಾಗದಲ್ಲಿ ಏನಿಟ್ಟಳೋ.

ಹಡಗು, ಅಪ್ಪಣೆ ಎಲ್ಲ ಕೂಡಿ ಬರಲು ಇನ್ನೂ ಒಂದು ವರ್ಷದ ಮೇಲೆ ಹಿಡಿಯಿತು. ಇವರು ಹೋದ ಮೇಲೆ ನಮ್ಮ ಕಡೆ ರಜಾಕಾರರ ಹಾವಳಿ ಶುರುವಾಯಿತು. ಅಲ್ಲಿ ಅವರ ದೇಶದಲ್ಲಿ ಬೇರೆ ಕದನ. ಎಷ್ಟೋ ತಿಂಗಳು ಇವರ ಸುದ್ದಿ ನಮಗಿಲ್ಲ, ನಮ್ಮ ಸುದ್ದಿ ಇವರಿಗಿಲ್ಲ. ಸಂಜೆ ಬಾಗಿಲು ಸದ್ದಾದರೆ ಮನೆಯವರೆಲ್ಲ ಉಸಿರು ಹಿಡಿದು ಸುಮ್ಮನಾಗುತ್ತಿದ್ದೆವು. ಕೂಗಿದವರಿಗೆ ‘ಬಂದ್ನಿ’ ಎಂದು ಒಳಗಿನಿಂದ ಓಗೊಡುವ ರೂಢಿಯೇ ಮಾನ್ವಿಯಲ್ಲಿ ತಪ್ಪಿಹೋಗಿತ್ತು. ಯಾರು ಕರೆಯುತ್ತಾರೋ, ಯಾಕೆ ಕರೆಯುತ್ತಾರೋ.

ನಿಜಾಮರ ಆಳಿಕೆ ಮುಗಿದು, ಬಾಗಿಲುಗಳು ಮತ್ತೆ ತೆರೆದ ಮೇಲೆ, ಒಂದು ಮಧ್ಯಾಹ್ನ. ಅತ್ತೆ ಒಳಗೆ ಅಡ್ಡಾಗಿದ್ದರು. ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚುತ್ತಿದ್ದೆ. ಹೊರಗೆ ಜಟಕಾ ನಿಂತ ಸದ್ದು, ಆಮೇಲೆ ಚಿಲಕ ಬಡಿದ ಸದ್ದು.

“ಮನ್ಯಾಗ ಯಾರರ ಅದೀರೇನ್ರಿ?”

ಬಿಸಿಲಿನಲ್ಲಿ ಒಣಗಿದ ದನಿ. ಗುರುತು ಸಿಗಲು ನನಗೆ ಎರಡನೆಯ ಸಲ ಕೇಳಬೇಕಾಗಲಿಲ್ಲ.

“ಬಂದ್ನೀ” ಎಂದೆ.

ಕೈಯಲ್ಲಿ ನೀರಿನ ಅರಿವೆ ಹಾಗೇ ಇತ್ತು. ರೊಟ್ಟಿ ಉಬ್ಬಿತು, ಕಪ್ಪಾಯಿತು, ಹೊಗೆ ಎದ್ದಿತು. ನಾನು ಮಾತ್ರ ಒಲೆಯ ಮುಂದೆ ಕುಳಿತೇ ಇದ್ದೆ. ಬಾಗಿಲಾಚೆ ಇವರೂ ಮತ್ತೆ ಬಡಿಯಲಿಲ್ಲ. ಆಮೇಲೆ ಸುಟ್ಟ ವಾಸನೆ ಅಲ್ಲಿಯವರೆಗೂ ಹೋಗಿರಬೇಕು. ಹಲಗೆಯ ಸಂದಿಯಿಂದ ಮೆಲ್ಲಗೆ ಕೇಳಿಸಿತು:

“ಇನ್ನಾ ಅಲ್ಲೇ ಕುಂತೀಯಲ್ಲ, ನೀಲಾ.”